ಇಪ್ಪತ್ನಾಲ್ಕು ಮನೆಗಳ ತಿಪ್ಪೆ

ನನ್ನ ಮಾವನವರು ಯಾವುದನ್ನೂ ಎಸೆಯುತ್ತಿರಲಿಲ್ಲ. ಮನೆಗೆ ಬಂದ ಲಕೋಟೆಯ ಅಂಟು ಬಿಡಿಸಿ, ಒಳಮೈ ಹೊರಗೆ ಮಾಡಿ, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿ, ಕಳಿಸಿದವರಿಗೇ ಅದರಲ್ಲಿ ಉತ್ತರ ಬರೆಯುತ್ತಿದ್ದರು. ಗದಗಿನಲ್ಲಿ ಛಾಪಖಾನೆಗಳಿಗೆ ಬರವಿಲ್ಲ. ಅಲ್ಲಿ ಕತ್ತರಿಸಿ ಬಿಟ್ಟ ಕಾಗದದ ಪಟ್ಟಿಗಳನ್ನು ಬೇಡಿ ತಂದು, ದಾರದಿಂದ ಹೊಲಿದು, ಕಿರಾಣಿ ಯಾದಿ ಬರೆಯಲು ಅತ್ತೆಯವರ ಕೈಗೆ ಕೊಡುತ್ತಿದ್ದರು. ಆ ಪಟ್ಟಿಗಳ ಅಗಲ ಎರಡು ಬೆರಳು. ತೊಗರಿಬೇಳೆ ಎಂದು ಬರೆಯಹೋದರೆ ತೊಗರಿ ಒಂದು ಪುಟದಲ್ಲಿ, ಬೇಳೆ ಇನ್ನೊಂದು ಪುಟದಲ್ಲಿ. ಹಳೆಯ ಧೋತರ ಮೊದಲು ಮೈ ಒರೆಸುವ ಪಂಜೆಯಾಗಬೇಕು, ಆಮೇಲೆ ನೆಲ ಒರೆಸುವ ಅರಿವೆಯಾಗಬೇಕು, ಕಟ್ಟಕಡೆಗೆ ಕಂದೀಲಿನ ಬತ್ತಿಯಾಗಿ ಉರಿದುಹೋಗಬೇಕು. "ಧೋತರಕ್ಕೂ ಒಂದು ಸದ್ಗತಿ ಬ್ಯಾಡೇನು?" ಎನ್ನುತ್ತಿದ್ದರು.

ನಾನು ಎಪ್ಪತ್ತರ ದಶಕದ ಕೊನೆಕೊನೆಗೆ ಲಕ್ಷ್ಮೇಶ್ವರದಿಂದ ಈ ಮನೆಗೆ ಸೊಸೆಯಾಗಿ ಬಂದೆ. ತವರಿನವರದು ಗುಡಿಯ ಪೂಜೆಯ ಮನೆತನ. ಕಾಯಿ, ಬಾಳೆಹಣ್ಣು, ಹೂವು ತಾವಾಗಿಯೇ ಬಾಗಿಲಿಗೆ ಬರುವ ಮನೆಯದು. ತಿಂದಷ್ಟು ತಿಂದು, ಉಳಿದದ್ದನ್ನು ಹಿತ್ತಲಿಗೆ ಎಸೆದು ಬೆಳೆದವಳು ನಾನು. ಗಂಡನ ಮನೆಗೆ ಬಂದ ಮೂರನೆಯ ದಿನ ಬದನೆಕಾಯಿಯ ತೊಟ್ಟು ಕತ್ತರಿಸಿ ಎಸೆದೆ. ಮಾವನವರು ಅದನ್ನು ಎತ್ತಿ, ತೊಳೆದು, ತಂದು ನನ್ನ ಮುಂದಿಟ್ಟರು.

"ಬದನಿಕಾಯಿ ರುಚಿ ಎಲ್ಲಾ ತೊಟ್ಟಿನಾಗ ಇರ್ತದ, ತಂಗಿ. ನಿಮ್ಮ ಊರಾಗ ಇದನ್ನ ಯಾರಿಗೆ ಕೊಡ್ತಿದ್ರಿ?"

ಯಾರಿಗೂ ಕೊಡುತ್ತಿರಲಿಲ್ಲ ಎಂದು ಹೇಳಲು ಧೈರ್ಯ ಸಾಲದೆ, ಆ ತೊಟ್ಟನ್ನೂ ಪಲ್ಯಕ್ಕೆ ಹಾಕಿದೆ. ಇದು ಮನೆಯೋ ಶಾಲೆಯೋ ಎಂಬ ಅನುಮಾನ ನನಗೆ ಆಗಲೇ ಬಂದಿತ್ತು.

ಅನುಮಾನ ಸುಳ್ಳೇನಲ್ಲ. ಮಾವನವರು ಶಿರಹಟ್ಟಿಯಲ್ಲಿ ಹೆಡ್‌ಮಾಸ್ತರರಾಗಿದ್ದು ನಿವೃತ್ತರಾದವರು. ನಿವೃತ್ತಿಯ ಮೇಲೆ ಒಂದು ಟ್ರಸ್ಟಿನವರು, ಗದಗ ಮತ್ತು ಬೆಟಗೇರಿಯ ನಡುವೆ ಇದ್ದ ತಮ್ಮ ಚಾಳದ ವಹಿವಾಟನ್ನು ಅವರಿಗೆ ಒಪ್ಪಿಸಿದ್ದರು. ಚಾಳವೆಂದರೆ ಎದುರುಬದುರು ಎರಡು ಸಾಲು, ಸಾಲಿಗೆ ಹನ್ನೆರಡು ಮನೆ, ನಡುವೆ ಫರಸಿಕಲ್ಲು ಹಾಸಿದ ಅಂಗಳ, ಒಂದು ನಳ, ಹಿಂದುಗಡೆ ದೊಡ್ಡದೊಂದು ತಿಪ್ಪೆಗುಂಡಿ. ಮೊದಲನೆಯ ಮನೆ ವಹಿವಾಟು ನೋಡುವವರದು. ವಹಿವಾಟು ಇರುವ ತನಕ ಮನೆ. ವಹಿವಾಟು ಬಿಟ್ಟ ದಿನ ಮನೆಯೂ ಬಿಟ್ಟಂತೆ. ಆ ಮನೆಯಲ್ಲಿ ನಾವು ಅತ್ತೆ, ಮಾವ, ನನ್ನ ಯಜಮಾನರು, ನಾನು ಮತ್ತು ಆಮೇಲೆ ಹುಟ್ಟಿದ ನನ್ನ ಮಗಳು. ಯಜಮಾನರಿಗೆ ಮುಂಡರಗಿಯಲ್ಲಿ ನೌಕರಿ. ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುತ್ತಿದ್ದರು. ಹಾಗಾಗಿ ಈ ಹಕೀಕತ್ತಿನಲ್ಲಿ ಅವರ ಪಾತ್ರವಿಲ್ಲ. ಊರಲ್ಲಿ ಇದ್ದಿದ್ದರೂ ಅಪ್ಪನೆದುರು ಅವರು ಬಾಯಿ ಬಿಡುತ್ತಿರಲಿಲ್ಲ ಬಿಡಿ.

ಆ ತಿಪ್ಪೆಗೆ ಒಬ್ಬ ಹಕ್ಕುದಾರನಿದ್ದ. ಹೊಂಬಳದ ಒಬ್ಬ ರೈತ ಪ್ರತಿ ವರ್ಷ ಮುಂಗಾರಿಗೆ ಮೊದಲು ಬಂಡಿ ಹೂಡಿಕೊಂಡು ಬಂದು, ಗುಂಡಿಯನ್ನು ಬರಿದು ಮಾಡಿ, ಗೊಬ್ಬರವನ್ನು ತನ್ನ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದ. ಅದಕ್ಕೆ ಅವನು ದುಡ್ಡು ಕೊಡುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಶೇಂಗಾ ಕಿತ್ತಾಗ ಒಂದು ಚೀಲ ಶೇಂಗಾ, ಜೋಳ ಹಾಲುಗಾಳಾದಾಗ ಒಂದು ಬುಟ್ಟಿ ಸೀತನಿ ತಂದು ನಮ್ಮ ಕಟ್ಟೆಯ ಮೇಲೆ ಇಳಿಸುತ್ತಿದ್ದ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಆ ಕಾಳಿಗಾಗಿ ಇಪ್ಪತ್ನಾಲ್ಕು ಮನೆಯವರೂ ಉಡಿ ಒಡ್ಡಿಕೊಂಡು ನಿಲ್ಲುತ್ತಿದ್ದರು. ನಾವು ಕೊಳೆತದ್ದನ್ನು ಕೊಟ್ಟು ತಾಜಾದ್ದನ್ನು ಇಸಿದುಕೊಳ್ಳುತ್ತಿದ್ದೆವು. ಇದರಲ್ಲಿ ಲಾಭ ಯಾರಿಗೆ ಎಂದು ಬಾಯಿಬಿಟ್ಟು ಕೇಳುವಷ್ಟು ಪ್ರಾಮಾಣಿಕರು ಚಾಳದಲ್ಲಿ ಯಾರೂ ಇರಲಿಲ್ಲ.

ಮೊದಲು ತಿಪ್ಪೆಗೆ ಬೀಳುತ್ತಿದ್ದುದು ಸಿಪ್ಪೆ, ಬೂದಿ, ಸಗಣಿ, ಊಟ ಮಾಡಿದ ಪತ್ರಾವಳಿ, ಒಂದು ಮೂಲೆಗೆ ದೇವರ ಹೂವು ಇಷ್ಟೇ. ಬರಬರುತ್ತ ನಾವು ಸುಧಾರಿಸಿದೆವು. ಸುಟ್ಟ ಬಲ್ಬು, ಔಷಧದ ಬಾಟಲಿ, ದಾಡಿಯ ಬ್ಲೇಡು, ಕಿವಿ ಮುರಿದ ಚಹಾದ ಕಪ್ಪು, ಪ್ಲಾಸ್ಟಿಕ್ ಚೀಲ ಎಲ್ಲವೂ ಕತ್ತಲಾಗುವ ಹೊತ್ತಿಗೆ ಸದ್ದಿಲ್ಲದೆ ಗುಂಡಿ ಸೇರತೊಡಗಿದವು. ಒಂದನ್ನೂ ಎಸೆಯದ ಮಾವನವರಿಗೆ ಉಳಿದ ಇಪ್ಪತ್ಮೂರು ಮನೆಯವರು ಏನು ಎಸೆಯುತ್ತಾರೆಂಬ ಖಬರು ಇರಲಿಲ್ಲ. ತಮ್ಮಂತೆಯೇ ಎಲ್ಲರೂ ಎಂದು ತಿಳಿದಿದ್ದರು. ಮಾಸ್ತರರಿಗೆ ಇರುವ ದೊಡ್ಡ ರೋಗ ಅದು.

ಎಂಬತ್ತರ ದಶಕದ ಮೊದಮೊದಲ ಒಂದು ಮಳೆಗಾಲ. ಮಧ್ಯಾಹ್ನ ಊಟ ಮುಗಿದಿತ್ತು. ಹೊಂಬಳದ ಆ ರೈತನ ಹೆಂಡತಿ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ನೀರು ಕುಡಿದು, ಮಡಿಲಲ್ಲಿದ್ದ ಅರಿವೆಯ ಗಂಟನ್ನು ಮಾವನವರ ಮುಂದೆ ಬಿಚ್ಚಿ ಹರವಿದಳು. ಬಲ್ಬಿನ ಚೂರು, ಬಾಟಲಿಯ ಕುತ್ತಿಗೆ, ಕಂದೀಲಿನ ಗಾಜು, ತುಕ್ಕು ಹಿಡಿದ ನಾಲ್ಕು ಬ್ಲೇಡು, ಒಂದು ಚಮಚ.

"ಇವು ನಿಮ್ಮವ ಅದಾವ್ರಿ, ಮಾಸ್ತರ. ನಮ್ಮ ಹೊಲದಾಗ ಸಿಕ್ಕುವು. ತಿರುಗಿ ಕೊಟ್ಟು ಹೋಗೂಣಂತ ಬಂದೀನಿ."

"ಅಯ್ಯ, ನಮ್ಮ ಚಮಚಾ!" ಎಂದು ಅತ್ತೆಯವರು ಅದನ್ನು ಎತ್ತಿಕೊಂಡರು. ಆ ಚಮಚವನ್ನು ತವರಿಗೆ ಸಾಗಿಸಿದೆನೆಂದು ಒಂದು ವರ್ಷದಿಂದ ನಾನು ಅವರಿಂದ ಓರೆನೋಟ ಉಂಡಿದ್ದೆ. ಆದರೆ ಗೆದ್ದೆ ಎಂದು ಬೀಗುವ ಹೊತ್ತು ಅದಾಗಿರಲಿಲ್ಲ. ಹೆಂಗಸು ಮಾತು ಮುಂದುವರಿಸಿದಳು.

"ಗೊಬ್ಬರ ಹರವೂ ಮುಂದ ನಮ್ಮ ಮನ್ಯಾಗಿನವರ ಕಾಲಾಗ ಗಾಜು ನಟ್ಟು ಕೀವು ಆತ್ರಿ. ದವಾಖಾನ್ಯಾಗ ಕೊಯ್ದು ತಗದಾರ. ಇನ್ನೂ ನೆಲಕ್ಕ ಕಾಲು ಊರಾಕ ಆಗವಲ್ದು. ಬಿತ್ತಿಗಿ ಎಲ್ಲಾ ನಾನ ಮಾಡೀನಿ. ಮುಂದಿನ ವರ್ಸ ನಮ್ಮ ಬಂಡಿ ಬರೂದಿಲ್ರಿ. ನಿಮ್ಮ ಗೊಬ್ಬರ ನಿಮಗ ಇರಲಿ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಅರಿವೆಯನ್ನು ಝಾಡಿಸಿ ಮಡಚಿಕೊಂಡು ಎದ್ದು ಹೋದಳು. ಮಾವನವರು ಆ ಚೂರುಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿದರು. ಸಂಜೆಯ ಚಹಾ ಕೂಡ ಕುಡಿಯಲಿಲ್ಲ. ಚಹಾ ಚೆಲ್ಲುವುದು ಅವರ ಜಾಯಮಾನವಲ್ಲ. ಆ ದಿನ ಚೆಲ್ಲಿದೆವು.

ಮರುದಿನ ಹೊಂಬಳಕ್ಕೆ ಹೋಗಿ ಬಂದರು. ಬಂದವರು ಕೋಟು ತೆಗೆದು ಗೂಟಕ್ಕೆ ಹಾಕುತ್ತ ಹೇಳಿದರು:

"ಮುಂದಿನ ವರ್ಷ ಬಂಡಿ ತರ್ಲಿಕ್ಕೆ ಅವನ್ನ ಒಪ್ಪಿಸಿ ಬಂದೀನಿ. ನಮ್ಮ ಗೊಬ್ಬರದಾಗ ಒಂದು ಚೂರು ಗಾಜು ಸಿಕ್ಕರೂ ನಾ ಈ ವಹಿವಾಟು ಬಿಡ್ತೀನಂತ ಮಾತು ಕೊಟ್ಟೀನಿ."

ಅತ್ತೆಯವರ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ವಹಿವಾಟು ಬಿಟ್ಟರ ಮನಿ ಬಿಡಬೇಕಲ್ರಿ. ಕೈಗೂಸು ಕಟಿಗೊಂಡು ಎಲ್ಲಿಗೆ ಹೋಗೋದು?"

"ಗಾಜು ಸಿಕ್ಕರ ತಾನ?"

"ಇಪ್ಪತ್ನಾಕು ಮನಿ ಕಸಕ್ಕ ನೀವೊಬ್ಬರು ಜಾಮೀನು! ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತಾರ. ನಮ್ಮ ಕಡೆ ಮುತ್ತಂತೂ ಇಲ್ಲ. ಇದ್ದ ಒಂದು ಮಾತನ್ನೂ ಕೊಟ್ಟು ಬಂದ್ರಿ."

ಖರೆ ಹೇಳಬೇಕೆಂದರೆ ನನಗೂ ಸಿಟ್ಟು ಬಂದಿತ್ತು. ಕೂಸಿಗೆ ಆಗ ಹತ್ತು ತಿಂಗಳು. ಯಾರದೋ ಮನೆಯ ಬ್ಲೇಡಿಗೆ ನನ್ನ ಮಗಳ ತೊಟ್ಟಿಲನ್ನು ಒತ್ತೆ ಇಟ್ಟರಲ್ಲ ಎಂದು ಒಳಗೊಳಗೇ ಕುದಿದೆ.

ಆ ಭಾನುವಾರ ಮಾವನವರು ಅಂಗಳದಲ್ಲಿ ಸಭೆ ಕರೆದರು. ಎಲ್ಲಿಂದಲೋ ಕರಿಹಲಗೆ ತಂದಿದ್ದರು. ಒಂದು ಕಡೆ "ಕೊಳೆಯುವುದು", ಇನ್ನೊಂದು ಕಡೆ "ಕೊಳೆಯದ್ದು" ಎಂದು ದುಂಡಗೆ ಬರೆದು ಮುಕ್ಕಾಲು ತಾಸು ಪಾಠ ಮಾಡಿದರು. ಗಂಡಸರು ಗೋಡೆಗೆ ಒರಗಿ ತೂಕಡಿಸಿದರು. ಹೆಂಗಸರು ಅಕ್ಕಿ ಆರಿಸಿದರು. ಪಾಠ ಮುಗಿದಾಗ ಏಳನೆಯ ಮನೆಯ ಅಜ್ಜಿ ಕೈ ಎತ್ತಿದಳು. ಚಾಳದಲ್ಲಿ ಮಡಿಮೈಲಿಗೆಯ ಹೈಕೋರ್ಟು ಆಕೆ. ಆಕೆಯ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

"ಇಷ್ಟ್ಯಾಕ ಗಂಟಲು ಹರಕೋತೀಯೋ? ಮುಸುರಿ ಒಂದು ಕಡೆ, ಮುಸುರಿ ಅಲ್ಲದ್ದು ಒಂದು ಕಡೆ ಅಂತ ಹೇಳು. ಈ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ."

ಮಾವನವರ ಮುಖ ಅರಳಿತು. ಅನ್ನ, ಸಾರು, ಬೇಯಿಸಿದ್ದು, ಅದು ತಾಗಿದ್ದು ಎಲ್ಲಾ ಮುಸುರೆ. ಹಸಿಯದ್ದು, ಒಣಗಿದ್ದು ಮುಸುರೆಯಲ್ಲ. ನಮ್ಮ ಅಡುಗೆಮನೆಗಳಲ್ಲಿ ಈ ವಿಂಗಡಣೆ ಉಸಿರಾಟದ ಹಾಗೆ ನಡೆಯುತ್ತಿತ್ತು. ಅನ್ನ ಮುಟ್ಟಿದ ಕೈಯಿಂದ ಉಪ್ಪಿನಕಾಯಿಯ ಭರಣಿ ಮುಟ್ಟಿದರೆ ಮನೆಯಲ್ಲಿ ರಾಮಾಯಣ. ಇಷ್ಟು ತಯಾರಿ ಇರುವ ಜನಕ್ಕೆ ತಾನು ಕರಿಹಲಗೆ ತಂದೆನಲ್ಲ ಎಂದು ಮಾವನವರಿಗೆ ನಾಚಿಕೆಯೂ ಆಯಿತು. ಹಳೆಯ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿಸಿ, ಗೋಡೆಯ ಮೇಲೆ ಕಾವಿಯಿಂದ "ಮುಸುರಿ" ಎಂದು ಒಂದು ಕಡೆ, "ಮುಸುರಿ ಅಲ್ಲದ್ದು" ಎಂದು ಇನ್ನೊಂದು ಕಡೆ ಬರೆಸಿದರು.

ತಿಂಗಳಾಯಿತು. ಮಾವನವರು ಕೋಲಿನಿಂದ ಕೆದಕಿ ನೋಡಿದರು. ಮುಸುರೆಯ ಗುಂಡಿಯಲ್ಲಿ ಅನ್ನವಿತ್ತು, ಸಾರಿನ ಚರಟವಿತ್ತು, ಜೊತೆಗೆ ಒಡೆದ ಮೂರು ಕಪ್ಪು, ಒಂದು ಗಾಜಿನ ಲೋಟ, ಔಷಧದ ಸೀಸೆ. ಮುಸುರೆಯಲ್ಲದ ಗುಂಡಿಯಲ್ಲಿ ಬದನೆಯ ಕಸ, ಕೊತ್ತಂಬರಿ ಬೇರು, ಬಾಳೆಸಿಪ್ಪೆ, ಶೇಂಗಾಸಿಪ್ಪೆ, ಸಗಣಿ. ಗೊಬ್ಬರವಾಗಬೇಕಾದದ್ದೆಲ್ಲ ಇಲ್ಲಿ, ಕಾಲಿಗೆ ನೆಡುವಂಥದ್ದು ಅಲ್ಲಿ.

"ಅಜ್ಜೀ, ಕಪ್ಪು ಮುಸುರಿ ಹೆಂಗ?"

"ಚಹಾ ಕುಡದದ್ದಲ್ಲೇನು? ಎಂಜಲಾಗಿದ್ದು ಮುಸುರಿ ಅಲ್ಲೇನು?"

"ಮತ್ತ ಬಾಳೆಸಿಪ್ಪಿ?"

"ಬಾಳೆಹಣ್ಣು ದೇವರಿಗೆ ನಡೀತದ. ಅದರ ಸಿಪ್ಪಿಯನ್ನ ಮುಸುರ್ಯಾಗ ಹಾಕ್ಲಿಕ್ಕೆ ನಮಗೇನು ಹುಚ್ಚು ಹಿಡದದೇನು?"

ಹೆಂಗಸರು ಒಬ್ಬರೂ ತಪ್ಪಿರಲಿಲ್ಲ. ಹೇಳಿದ ನಿಯಮವನ್ನು ಕೂದಲು ಕೊಂಕದಂತೆ ಪಾಲಿಸಿದ್ದರು. ಮಾವನವರು ಮನೆಗೆ ಬಂದು, "ಎಲ್ಲಾರೂ ನೂರಕ್ಕ ನೂರು ತಗೊಂಡಾರ. ಪ್ರಶ್ನೆಪತ್ರಿಕೆನ ತಪ್ಪಿತ್ತು" ಎಂದು ಹೇಳಿ ಮಲಗಿಬಿಟ್ಟರು.

ಮರುದಿನ ಕಾವಿಯ ಅಕ್ಷರ ಅಳಿಸಿ ಹೊಸದು ಬರೆಸಿದರು: "ಮಣ್ಣಾಗುವಂಥದ್ದು", "ಮಣ್ಣಾಗದಂಥದ್ದು". ಆಮೇಲೆ ಶುರುವಾಯಿತು ಪ್ರಶ್ನೆಗಳ ಸಂತೆ. ಕೂದಲು ಮಣ್ಣಾಗುತ್ತದೆಯೇ? ಮುರಿದ ಬಾಚಣಿಗೆ? ಮಾವಿನ ಗೊರಟೆ? ಬೆಟಗೇರಿಯಿಂದ ಬಂದಿದ್ದ ನೇಕಾರರ ಮನೆಯವರು ಮಗ್ಗದ ತುಂಡು ನೂಲನ್ನು ಹಿಡಿದು ಬಂದು, ಹತ್ತಿಯದಾದರೆ ಯಾವ ಗುಂಡಿ, ನೈಲಾನಿನದಾದರೆ ಯಾವ ಗುಂಡಿ ಎಂದು ಕೇಳಿದರು. ಮಾವನವರು ಎಳೆಯನ್ನು ಕಡ್ಡಿಯ ಉರಿಗೆ ಹಿಡಿದು ವಾಸನೆ ನೋಡಿ ಹೇಳಿದರು. ಹಳೆಯ ಪಂಚಾಂಗವನ್ನು ಮಾತ್ರ ಯಾವ ಗುಂಡಿಗೂ ಹಾಕಕೂಡದೆಂದು ಅಜ್ಜಿ ತೀರ್ಪು ಕೊಟ್ಟಳು. ಅದನ್ನು ಯಾರೂ ಎದುರಿಸಲಿಲ್ಲ.

ಆ ವರ್ಷ ಚಾಳದ ಬೆಳಗು ಶುರುವಾಗುತ್ತಿದ್ದುದು ಮಾವನವರ ತಪಾಸಣೆಯಿಂದ. ಸ್ನಾನಕ್ಕೆ ಮೊದಲು ಕೋಲು ಹಿಡಿದು ಮನೆಮನೆಯ ಕಸದ ಬುಟ್ಟಿ ಕೆದಕುವರು. ಸರಿಯಿದ್ದರೆ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಸರಿ ಗುರುತು, ತಪ್ಪಿದ್ದರೆ ತಪ್ಪು ಗುರುತು. ಹದಿನಾರನೆಯ ಮನೆಯ ಬ್ಯಾಂಕಿನ ಗುಮಾಸ್ತರು ತಮ್ಮ ತಪ್ಪು ಗುರುತನ್ನು ಒದ್ದೆ ಅರಿವೆಯಿಂದ ಒರೆಸಿ, ತಾವೇ ಸರಿ ಗುರುತು ಹಾಕಿಕೊಂಡು ಆಫೀಸಿಗೆ ಹೋದರು. ನಮ್ಮ ಬಾಗಿಲಿಗೂ ಒಮ್ಮೆ ತಪ್ಪು ಗುರುತು ಬಿತ್ತು. ಚಹಾಪುಡಿಯ ಪೊಟ್ಟಣದೊಳಗಿನ ಬೇಗಡೆಯನ್ನು ನಾನು ಮಣ್ಣಾಗುವ ಕಡೆ ಹಾಕಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವಳು ಕಸದಲ್ಲಿ ನಾಪಾಸಾದೆ. ಅತ್ತೆಯವರಿಗೆ ಚಮಚದ ಸೋಲು ಅಂದು ತೀರಿತು ಎಂದು ಕಾಣುತ್ತದೆ, ಇಡೀ ದಿನ ಹಾಡಿಕೊಂಡು ಕೆಲಸ ಮಾಡಿದರು.

ನಗಾಡಿದೆವು, ಬೈದುಕೊಂಡೆವು, ಆದರೆ ಆಯಿತು. ಗಾಜು, ತಗಡು, ಪ್ಲಾಸ್ಟಿಕ್ ಬೇರೆ ಗುಂಡಿಯಿಂದ ವಾರಕ್ಕೊಮ್ಮೆ ಹಳೆ ಸಾಮಾನಿನವನ ಗಾಡಿ ಸೇರತೊಡಗಿದವು. ಸಂತೆಗೆ ಹೋಗುವಾಗ ಎಲ್ಲರ ಬಗಲಲ್ಲಿ ಮತ್ತೆ ಅರಿವೆಯ ಚೀಲ ಬಂತು. ಬ್ಲೇಡುಗಳನ್ನು ಜನ ಬೆಂಕಿಪೊಟ್ಟಣದಲ್ಲಿ ಕೂಡಿಡಲು ಕಲಿತರು. ಇನ್ನು ಪೂಜೆ ಮಾಡಿ ತೆಗೆದ ಹೂವು, ತುಳಸಿ, ಪತ್ರೆ. ಆ ನಿರ್ಮಾಲ್ಯವನ್ನು ಯಾರೂ ತುಳಿಯಬಾರದು, ಕಸದೊಂದಿಗೆ ಬೆರೆಸಬಾರದು ಎಂದು ಅಜ್ಜಿ ಎಷ್ಟೋ ವರ್ಷದ ಹಿಂದೆಯೇ ಹಟ ಹಿಡಿದದ್ದರಿಂದ, ಗುಂಡಿಯ ಒಂದು ಮೂಲೆಗೆ ಇಟ್ಟಿಗೆ ಅಡ್ಡ ಇಟ್ಟು ಅದಕ್ಕೆಂದೇ ಜಾಗ ಮಾಡಿದ್ದರು. ವರ್ಷದ ಕೊನೆಗೆ ಅದೂ ಗೊಬ್ಬರದ ಜೊತೆಗೇ ಹೋಗಬೇಕು. ಭೂಮಿತಾಯಿಗೆ ಮೈಲಿಗೆ ಇಲ್ಲ ಎಂದು ಅಜ್ಜಿಯೇ ಅಪ್ಪಣೆ ಕೊಟ್ಟಿದ್ದಳು. ಆ ಮೂಲೆಯನ್ನು ಮಾವನವರು ಮಾತ್ರ ಒಮ್ಮೆಯೂ ಕೆದಕಲಿಲ್ಲ. ಸ್ನಾನವಿಲ್ಲದ ಮೈಯಲ್ಲಿ, ಕಸ ಕೆದಕಿದ ಕೋಲಿನಿಂದ ದೇವರ ಹೂವನ್ನು ಚುಚ್ಚುವುದುಂಟೆ?

ಮುಂಗಾರಿಗೆ ಎರಡು ವಾರವಿರುವಾಗ ಹೊಂಬಳದ ಬಂಡಿ ಬಂತು. ರೈತ ಸ್ವಲ್ಪ ಕುಂಟುತ್ತಿದ್ದ. ಹೆಂಡತಿಯೂ ಬುಟ್ಟಿ ಹಿಡಿದು ಜೊತೆಗೆ ಬಂದಿದ್ದಳು. ಮಾವನವರು ಒಗೆದ ಧೋತರ ಉಟ್ಟು, ಆ ಬಿಸಿಲಲ್ಲಿ ಕೋಟು ತೊಟ್ಟು ಗುಂಡಿಯ ದಂಡೆಯ ಮೇಲೆ ನಿಂತಿದ್ದರು. ಇಪ್ಪತ್ನಾಲ್ಕು ಮನೆಯವರೂ ಹಿತ್ತಲಲ್ಲಿ ನೆರೆದಿದ್ದರು. ಪಂದ್ಯ ಕಟ್ಟಿದ್ದ ಮಾತು ಎಲ್ಲರಿಗೂ ಗೊತ್ತಿತ್ತು. ಅತ್ತೆಯವರು ನನ್ನ ಮಗಳನ್ನು ಎದೆಗೆ ಒತ್ತಿಕೊಂಡು, ದೇವರಿಗೆ ಏನೇನೋ ಹರಕೆ ಹೊರುತ್ತಿದ್ದರು.

ಸಲಿಕೆ ಹಾಕಿದರು. ಮೇಲಿನ ಪದರ ಸರಿದೊಡನೆ ಗೊಬ್ಬರ ಕಂಡಿತು. ಚಹಾಪುಡಿಯ ಹಾಗೆ ಕಪ್ಪಗೆ, ಉದುರುದುರಾಗಿ, ಹಸಿಮಣ್ಣಿನ ವಾಸನೆಯ ಗೊಬ್ಬರ. ರೈತನ ಹೆಂಡತಿ ಬೊಗಸೆಯಲ್ಲಿ ತುಂಬಿ, ಹಿಸುಕಿ, ಬೆರಳ ಸಂದಿಯಿಂದ ಸುರಿದು ನೋಡಿದಳು. ಒಂದು ಬುಟ್ಟಿ, ಹತ್ತು ಬುಟ್ಟಿ, ಅರ್ಧ ಬಂಡಿ. ಒಂದು ಚೂರೂ ಇಲ್ಲ. "ಚಲೋ ಮಾಡೀರಿ ಬಿಡ್ರಿ, ಮಾಸ್ತರ" ಎಂದ ರೈತ. ಬ್ಯಾಂಕಿನ ಗುಮಾಸ್ತರು ಎಲ್ಲಾ ತಮ್ಮಿಂದಲೇ ಆದಂತೆ ಕೆಮ್ಮಿದರು. ಮಾವನವರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಅವರು ಅಷ್ಟು ಹಗುರಾದದ್ದನ್ನು ಆ ವರ್ಷದಲ್ಲಿ ನಾನು ಕಂಡಿರಲಿಲ್ಲ.

ಆಮೇಲೆ ಇಟ್ಟಿಗೆ ಸರಿಸಿ ನಿರ್ಮಾಲ್ಯದ ಮೂಲೆಗೆ ಸಲಿಕೆ ಹಾಕಿದರು. ಬುಟ್ಟಿಯಲ್ಲಿ ಏನೋ ಬಿಸಿಲಿಗೆ ಮಿಂಚಿತು. ರೈತನ ಹೆಂಡತಿ ಕೂತು, ಆರಿಸಿ, ಅಂಗೈ ಮೇಲೆ ಇಟ್ಟುಕೊಂಡಳು. ಕೆಂಪು, ನೀಲಿ, ಹಸಿರು. ಬಳೆಚೂರು. ಒಂದಲ್ಲ ಎರಡಲ್ಲ, ಕೆದಕಿದಷ್ಟೂ ಬಂದವು.

ಬಳೆ ಮುತ್ತೈದೆಯ ವಸ್ತು. ಅದರ ಚೂರನ್ನು ಕಸಕ್ಕೆ ಹಾಕುವಂತಿಲ್ಲ, ಕಾಲಡಿ ಬೀಳುವಂತಿಲ್ಲ. ಹಳ್ಳಿಯಲ್ಲಾದರೆ ಗಿಡದ ಬುಡಕ್ಕೆ ಹಾಕುತ್ತಾರೆ. ಚಾಳದಲ್ಲಿ ಗಿಡ ಎಲ್ಲಿದೆ? ದೇವರ ಹೂವಿನ ಜೊತೆಗೆ ಹಾಕುತ್ತಿದ್ದೆವು. ಬಲ್ಬು ಗಾಜು, ಸೀಸೆ ಗಾಜು ಎಂದು ಒಂದು ವರ್ಷ ಗಟ್ಟಿ ಮಾಡಿದ ನಮಗೆ, ಕೈಮೇಲಿನ ಬಳೆಯೂ ಗಾಜು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ನೆರೆದ ಹೆಂಗಸರೆಲ್ಲ ತಮ್ಮ ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಏಳನೆಯ ಮನೆಯ ಅಜ್ಜಿಯೊಬ್ಬಳೇ ಎಳೆದುಕೊಳ್ಳಲಿಲ್ಲ. ಆಕೆಯ ಕೈಗೆ ಬಳೆ ತಪ್ಪಿ ನಲವತ್ತು ವರ್ಷದ ಮೇಲಾಗಿತ್ತು. "ನಿರ್ಮಾಲ್ಯದಾಗ ಹಾಕ್ರಿ ಅಂತ ಹೇಳಿದಾಕಿ ನಾನ" ಎಂದಳು ಸಣ್ಣ ದನಿಯಲ್ಲಿ.

ಅಂಗೈ ಮೇಲಿನ ಹಸಿರು ಚೂರುಗಳ ಮೇಲೆ ಬಂಗಾರದ ಬಣ್ಣದ ಚುಕ್ಕಿಗಳಿದ್ದವು. ಅವು ನನ್ನವು. ಬಸುರಿದ್ದಾಗ ಕುಬಸದಲ್ಲಿ ತವರಿನವರು ಇಡಿಸಿದ ಬಳೆ. ಕೂಸಿನ ಅರಿವೆ ಒಗೆಯುತ್ತ ಒಂದೊಂದಾಗಿ ಕಲ್ಲಿಗೆ ತಾಗಿ ಹೋದವು. ನಾನು ಕೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡೆ.

ಮಾವನವರು ಸೊಂಟದಲ್ಲಿದ್ದ ಚಾಳದ ಕೀಲಿಗೊಂಚಲನ್ನು ಬಿಚ್ಚಿ ದಂಡೆಯ ಕಲ್ಲಿನ ಮೇಲೆ ಇಟ್ಟರು.

"ಇವು ಬಳಿರೀ, ಮಾಸ್ತರ. ಗಾಜಲ್ಲ" ಎಂದ ರೈತ ಗಾಬರಿಯಾಗಿ.

"ಬಳಿ ಯಾತರಿಂದ ಮಾಡ್ತಾರಪಾ?"

ರೈತ ಬಗ್ಗಿ ಹೆಂಡತಿಯ ಅಂಗೈಯ ಚೂರನ್ನು ನೋಡಿದ.

"ನಾ ಮಾತು ಕೊಟ್ಟಿದ್ದು ನಿನಗ. ನಿನ್ನ ಕಾಲು ಇನ್ನೂ ನೆಟ್ಟಗಾಗಿಲ್ಲ. ಗಾಜು ಅಂದರ ಗಾಜು. ನಾಳೆ ಟ್ರಸ್ಟಿನವರಿಗೆ ಕಾಗದ ಬರೀತೀನಿ."

ಅತ್ತೆಯವರು ಅಳಲಿಕ್ಕೆ ಶುರು ಮಾಡಿದರು. ನೋಡಿ ಕೂಸೂ ಅತ್ತಿತು. ಆಗ ರೈತನ ಹೆಂಡತಿ ಕೂತಲ್ಲಿಂದಲೇ ತಲೆ ಎತ್ತಿದಳು.

"ಕಾಗದ ಬರೀಬ್ಯಾಡ್ರಿ, ಮಾಸ್ತರ. ನಾ ಒಂದು ಮಾತು ಹೇಳೂದೈತಿ." ಗಂಡನ ಕಡೆ ನೋಡಲಿಲ್ಲ. "ಇವರ ಕಾಲಾಗಿಂದ ಡಾಕ್ಟರು ತಗದ ಚೂರು ಹಸರ ಇತ್ರಿ. ಬಳಿದ. ನೋಡಿದ ಕೂಡಲೇ ನನಗ ಗೊತ್ತಾತು. ಅದನ್ನ ನಿಮಗ ತಂದ ಗಂಟಿನಾಗ ಹಾಕಲಿಲ್ಲ. ನಾನೂ ನನ್ನ ಬಳಿಚೂರು ಹೊಲದಾಗಿನ ಬನ್ನಿಗಿಡದ ಬುಡಕ್ಕ ಹಾಕ್ತೀನಿ. ನಂದ ಇರಬೇಕು ಅಂತ ಎದಿ ಹೊಡಕೊಂತು. ಬಾಟ್ಲಿ, ಬ್ಲೇಡು ಅಷ್ಟ ಆರಿಸಿ ತಂದು ನಿಮ್ಮ ಮುಂದ ಸುರದೆ. ನಿಮ್ಮದ ತಪ್ಪು ಅಂತ ಆಗಲಿ ಅಂತ."

ರೈತ ಹೆಂಡತಿಯನ್ನು ದಿಟ್ಟಿಸಿ ನೋಡಿದ. ಆಮೇಲೆ ತನ್ನ ಕಾಲನ್ನು ನೋಡಿಕೊಂಡ. "ಒಂದು ವರ್ಸ ದಿನಾ ನನ್ನ ಕಾಲು ಒತ್ತಿದೆಲ್ಲ, ಈ ಸಲುವಾಗೇನು?" ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನೇ ಮುಂದೆ ಬಂದು ಕೀಲಿಗೊಂಚಲನ್ನು ಎತ್ತಿ ಮಾವನವರಿಗೆ ಒಡ್ಡಿದ. "ಮಾತು ನನಗ ಕೊಟ್ಟಿದ್ರಿ. ನಾ ಬಿಟ್ಟೀನಿ. ಹಿಡೀರಿ."

ಮಾವನವರು ಹಿಡಿಯಲಿಲ್ಲ. ಕೋಟು ಕಳಚಿ ಸಾರಣಿಗೆ ತರಿಸಿ, ನಿರ್ಮಾಲ್ಯದ ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗೊಬ್ಬರ ಸೋಸತೊಡಗಿದರು. ಕೀಲಿ ಮತ್ತೆ ಕಲ್ಲಿನ ಮೇಲೆ ಕೂತಿತು. ಒಬ್ಬೊಬ್ಬರಾಗಿ ಹೆಂಗಸರು ಮೊರ, ಜರಡಿ ತಂದು ಸುತ್ತ ಕೂತರು. ನಾನು ರೈತನ ಹೆಂಡತಿಯ ಪಕ್ಕದಲ್ಲಿ ಕೂತೆ. ಮೊರದಲ್ಲಿ ಚುಕ್ಕಿಯ ಹಸಿರು ಚೂರುಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

"ಇವು ನನ್ನವು" ಎಂದೆ ಅವಳೊಬ್ಬಳಿಗೇ ಕೇಳುವ ಹಾಗೆ.

"ಗೊತ್ತಾತ್ರಿ ಅಕ್ಕಾರ. ನಿಮ್ಮ ಮಾರಿ ನೋಡಿದಾಗ ಗೊತ್ತಾತು." ಅವಳ ಕೈ ನಿಲ್ಲಲಿಲ್ಲ. "ಹೇಳಿಬಿಡ್ರಿ. ಇಟಗೊಂಡರ ಭಾಳ ಭಾರ ಆಕ್ಕೈತಿ."

ಪುಸ್ತಕ ಓದದ ಹೆಂಗಸು ಗಂಡನ ಎದುರು, ಊರವರ ಎದುರು ಹೇಳಿದ್ದಳು. ನಾನೂ ಮೊರ ಕೆಳಗಿಟ್ಟು ಎದ್ದೆ. ಎಲ್ಲರಿಗೂ ಕೇಳುವಂತೆ, "ಮಾವನವರ, ಹಸರು ಚುಕ್ಕಿ ಬಳಿ ಎಲ್ಲಾ ನನ್ನವು. ಎರಡು ವರ್ಷದಿಂದ ಇಲ್ಲೇ ಹಾಕ್ತಿದ್ದೆ" ಎಂದೆ. ಎರಡು ವರ್ಷ ಎಂದಾಗ ರೈತನ ಕಡೆಗೆ ನನಗೆ ನೋಡಲಾಗಲಿಲ್ಲ. ಅವನ ಕಾಲಿಗೆ ನೆಟ್ಟದ್ದು ನನ್ನ ಬಳೆಯೋ ಅವಳ ಬಳೆಯೋ, ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಮಾವನವರು ಸಾರಣಿಗೆ ಕೆಳಗಿಟ್ಟು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬಾಗಿಲ ಮೇಲೆ ತಪ್ಪು ಗುರುತು ಹಾಕುವ ಮುಖವಲ್ಲ ಅದು. ಬಹಳ ದಣಿದ ಮುಖ.

"ತಪ್ಪು ನಮ್ಮ ಮನ್ಯಾಗ ಅದ ಅಂದಮ್ಯಾಲೆ ಬಿಟ್ಟು ಹೋಗೋದು ಎಲ್ಲಿಗೆ?" ಎಂದರು. "ಕುಂಡ್ರು, ತಂಗಿ. ಇನ್ನೂ ಅರ್ಧ ಮೂಲಿ ಉಳದದ."

ಆಮೇಲೆ ಅತ್ತೆಯವರ ಕಡೆ ತಿರುಗಿ, ಮೋಡ ಮುಸುಕುತ್ತಿದ್ದ ಆಕಾಶವನ್ನು ಒಮ್ಮೆ ನೋಡಿ ಹೇಳಿದರು:

"ಏನ, ಆ ಕೀಲಿ ಒಳಗ ಒಯ್ದು ಇಡು. ಮಳಿ ಬಂದರ ತುಕ್ಕು ಹಿಡೀತದ."